ನದಿ ಕಾಣುವ ಪುಕ್ಕಟೆ ಕೋಣೆ

ಕ್ಯಾಸಿನೊದವರು ಯಾರಿಗೂ ಸುಮ್ಮನೆ ಏನನ್ನೂ ಕೊಡುವುದಿಲ್ಲ. ಸೋತವರಿಗೆ ಕೊಡುತ್ತಾರೆ. ಎಷ್ಟು ಸೋಲೋ ಅಷ್ಟು ಉಪಚಾರ. ಅರಿಜೋನಾದ ಬಿಸಿಲಿನಿಂದ ಬಸ್ಸು ಹತ್ತಿ ಜೂಜಿನ ಊರಾದ ಲಾಫ್ಲಿನ್‌ಗೆ ಬಂದಿಳಿಯುವ ಮುದುಕ ಮುದುಕಿಯರಲ್ಲಿ ಇದು ಗೊತ್ತಿಲ್ಲದವರು ಒಬ್ಬರೂ ಇಲ್ಲ. ಆದ್ದರಿಂದ ಸಿಲ್ವರ್ ಹೆರಾನ್ ಕ್ಯಾಸಿನೊದ ಕೌಂಟರಿನಲ್ಲಿ ಮರಿಸೆಲ್ ಎಂಬ ಹುಡುಗಿ ಬಾಯ್ತುಂಬ ನಕ್ಕು, "ಈ ಸಲ ನಿಮಗೆ ಹದಿನೇಳನೇ ಮಹಡಿ ಮೇಡಂ. ನದಿ ಕಾಣೋ ಕೋಣೆ. ಮೂರು ರಾತ್ರಿಯೂ ಪುಕ್ಕಟೆ" ಎಂದಾಗ ಆರ್ಡಿತ್ ಕೆಸ್ಲರ್ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ತಪ್ಪಾಗಿದೆ ನೋಡಮ್ಮ. ನಾವು ಪಾರ್ಕಿಂಗ್ ಕಡೆ ಕೋಣೆಯವರು."

"ತಪ್ಪೇನಿಲ್ಲ. ಮಿಸ್ಟರ್ ನಾರ್ಬರ್ಟ್ ಕೆಸ್ಲರ್ ಅಲ್ವಾ? ಶನಿವಾರ ಇಬ್ಬರಿಗೂ ಸ್ಟೇಕ್ ಊಟ ಬೇರೆ ಇದೆ. ನೀವಂದ್ರೆ ನಮ್ಮವರಿಗೆ ತುಂಬಾ ಪ್ರೀತಿ."

ಆರ್ಡಿತ್ ಗಂಡನ ಕಡೆ ತಿರುಗಿದಳು. ನಾರ್ಬರ್ಟ್ ಕೌಂಟರಿನ ಮೇಲಿದ್ದ ಪೆಪ್ಪರ್‌ಮಿಂಟಿನ ಬಟ್ಟಲನ್ನು ಜೀವಮಾನದಲ್ಲಿ ಮೊದಲ ಸಲ ಕಂಡವನಂತೆ ನೋಡುತ್ತಿದ್ದ.

"ಕೊಟ್ರೆ ತಗೊಳ್ಳೇ," ಎಂದ. "ನಿನ್ನೇನು ದುಡ್ಡು ಕೇಳಿದ್ರಾ?"

"ಕೇಳ್ಲಿಲ್ಲ. ಅದೇ ನನ್ನ ಚಿಂತೆ."

ಲಿಫ್ಟಿನಲ್ಲಿ ಆರ್ಡಿತ್‌ಗೆ ಹಳೆಯದು ನೆನಪಾಯಿತು. ಬಹಳ ಹಿಂದೆ ರೀನೋದಲ್ಲಿ, ದಾಳದ ಮೇಜಿನ ಮುಂದೆ, ನಾರ್ಬರ್ಟ್ ಒಂದು ಮೀನುಗಾರಿಕೆ ದೋಣಿಯನ್ನು, ಅದರ ಇಂಜಿನ್ನನ್ನು, ಅದನ್ನು ಎಳೆಯುವ ಗಾಡಿಯನ್ನು ಒಂದೇ ಮಧ್ಯಾಹ್ನದಲ್ಲಿ ಕಳೆದಿದ್ದ. ಆಗ ಆರ್ಡಿತ್ ಕೂಗಾಡಲಿಲ್ಲ, ಅಳಲಿಲ್ಲ. ಷರತ್ತು ಹಾಕಿದಳು. ಇನ್ನು ಮುಂದೆ ಪೋಕರ್ ಯಂತ್ರ ಮಾತ್ರ, ಅದೂ ಕಾಲು ಡಾಲರಿನದು, ಅವಳು ಆ ದಿನಕ್ಕೆಂದು ಲಕೋಟೆಯಲ್ಲಿ ಹಾಕಿಟ್ಟ ಹಣ ಇದ್ದಷ್ಟೇ. ತಪ್ಪಿದರೆ ಅವಳು ನದಿ ದಾಟುತ್ತಾಳೆ. ನದಿಯ ಆಚೆ ದಡದ ಬುಲ್‌ಹೆಡ್ ಸಿಟಿಯಲ್ಲಿ ಅವಳ ಅಕ್ಕ ವರ್ನಾಳ ಮನೆಯಿದೆ. ಅಲ್ಲೊಂದು ಕೋಣೆ ಖಾಲಿ ಇದೆ. ವಕೀಲರು ಬೇಡ, ರಂಪ ಬೇಡ. ದಾಟುತ್ತಾಳೆ, ಅಷ್ಟೇ.

ಕಿಟಕಿಯಲ್ಲಿ ಕೊಲರಾಡೊ ನದಿ ಹಸಿರಾಗಿ ಹರಿಯುತ್ತಿತ್ತು. ಮಂಚದ ಮೇಲೆ ದಿಂಬುಗಳು ಬೇಕಿದ್ದಕ್ಕಿಂತ ಹೆಚ್ಚಿದ್ದವು. ಕಾಲು ಡಾಲರಿನ ಆಟಗಾರರಿಗೆ ಅಷ್ಟು ದಿಂಬು ಯಾರು ಕೊಡುತ್ತಾರೆ?

ಕೆಳಗೆ ಆಟದ ಅಂಗಳದಲ್ಲಿ, ಎಸ್ಕಲೇಟರಿನ ಪಕ್ಕದ ಗೋಡೆಗೆ ಒರಗಿ ನಾಲ್ಕು ಹಳೇ ಪೋಕರ್ ಯಂತ್ರಗಳಿವೆ. ಒಂದು ಥರದ ಮೂರು, ಇನ್ನೊಂದು ಥರದ ಎರಡು ಎಲೆ ಸೇರಿ ಫುಲ್ ಹೌಸ್ ಬಿದ್ದರೆ ಒಂದಕ್ಕೆ ಒಂಬತ್ತು, ಐದೂ ಒಂದೇ ಜಾತಿಯಾಗಿ ಫ್ಲಶ್ ಬಿದ್ದರೆ ಆರು ಕೊಡುವವು ಈಗ ಇವು ಮಾತ್ರ. ಉಳಿದವೆಲ್ಲ ಎಂಟು, ಐದಕ್ಕೆ ಇಳಿದಿವೆ. ಬಸ್ಸು ನಿಂತ ಕೂಡಲೇ ಮಂಡಿನೋವಿನವರೂ ಈ ನಾಲ್ಕರ ಕಡೆಗೇ ಓಡುತ್ತಾರೆ. ಕೋಣೆಗೆ ಹೋಗಿ ಬಂದರೂ ಅದೃಷ್ಟಕ್ಕೆ ಆರ್ಡಿತ್‌ಗೆ ಎರಡು ಸಿಕ್ಕವು. ಮನೆಯಿಂದ ತಂದ ಹ್ಯಾಮ್ ಸ್ಯಾಂಡ್‌ವಿಚ್ಚಿನ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಅವಳು ಹೇಳಿದಳು:

"ಇವತ್ತು ನೀನು ಆಡ್ಬೇಡ. ನನ್ನ ಪಕ್ಕ ಕೂತ್ಕೋ."

"ಆಗ್ಲಿ," ಎಂದ ನಾರ್ಬರ್ಟ್.

ಅಷ್ಟೇ. ಯಾಕೆ ಎಂದು ಕೇಳಲಿಲ್ಲ. ಬೆಳಗಿನ ಐದಕ್ಕೆದ್ದು ಬಸ್ಸು ಹಿಡಿದು ಬಂದ ಗಂಡಸಿಗೆ ಆಡಬೇಡ ಎಂದರೆ, ತಪ್ಪಿಲ್ಲದವನಾದರೆ ಗೊಣಗುತ್ತಾನೆ. ನಾರ್ಬರ್ಟ್ ತನ್ನ ಟೀವಿಯ ರಿಮೋಟ್ ಸಿಗದಿದ್ದರೆ ಅರ್ಧ ಗಂಟೆ ಗೊಣಗುವ ಮನುಷ್ಯ.

ಯಾರು ಎಷ್ಟು ಆಡಿದರೆಂದು ಲೆಕ್ಕವಿಡುವ ಕ್ಲಬ್ ಕಾರ್ಡನ್ನು ಅವಳು ಯಂತ್ರಕ್ಕೆ ತೂರಿಸಿದಳು. ಕಾರ್ಡಿಗೆ ಒಂದು ಸುರುಳಿ ದಾರ, ದಾರದ ಇನ್ನೊಂದು ತುದಿ ಅವಳ ಅಂಗಿಯ ಗುಂಡಿಗೆ. ಇಲ್ಲಿ ಎಲ್ಲರೂ ಹಾಗೆಯೇ, ಯಂತ್ರಗಳ ಹೊಕ್ಕುಳಬಳ್ಳಿ ಇನ್ನೂ ಕತ್ತರಿಸದ ಮಕ್ಕಳ ಹಾಗೆ. ತೆರೆಯ ಮೇಲೆ 'ಸ್ವಾಗತ, ನಾರ್ಬರ್ಟ್' ಎಂದು ಬಂತು, ಕೆಳಗೆ ಪಾಯಿಂಟುಗಳ ಮೊತ್ತ. ಖಾತೆ ಒಂದೇ, ಗಂಡನ ಹೆಸರಿನದು. ಇಬ್ಬರ ಆಟವೂ ಅಲ್ಲಿಗೇ ಸೇರುತ್ತದೆ, ಪಾಯಿಂಟು ಏರಿದಷ್ಟೂ ಉಪಚಾರ ಏರುತ್ತದೆ.

ಗುಲಾಮ ಎರಡು ಬಂದವು, ಹಿಡಿದಳು. ಇಸ್ಪೀಟ್ ಜಾತಿಯ ಎಲೆ ನಾಲ್ಕು ಬಂದವು, ಐದನೆಯದು ಬರಲಿಲ್ಲ. ಅವಳು ನಿಧಾನವಾಗಿ ಆಡುವವಳು. ಪ್ರತಿ ಕೈಯನ್ನೂ ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ನೋಡಿ, ಬಿಡಬೇಕಾದ್ದನ್ನು ಬಿಟ್ಟು, ಆಮೇಲಷ್ಟೇ ಗುಂಡಿ ಒತ್ತುವವಳು. ಸ್ವಲ್ಪ ಹೊತ್ತಿಗೆ ಕನ್ನಡಕ ಒರೆಸಲೆಂದು ಕಾರ್ಡನ್ನು ಎಳೆದು, ಒರೆಸಿ, ಮತ್ತೆ ತೂರಿಸಿದಳು.

ಮೊತ್ತ ಏರಿತ್ತು. ಅವಳು ಆಡಿದ್ದಕ್ಕೆ ಅಷ್ಟು ಏರುವುದು ಸಾಧ್ಯವೇ ಇರಲಿಲ್ಲ.

ಕಾರ್ಡನ್ನು ಮತ್ತೆ ಎಳೆದಳು. ಈ ಸಲ ಗುಂಡಿ ಮುಟ್ಟದೆ, ಕೈಕಟ್ಟಿ ಕೂತಳು. ನಾರ್ಬರ್ಟ್‌ನ ಕಾರ್ಡು ಅವನ ಎದೆಯ ಮೇಲೆ ನೇತಾಡುತ್ತಿತ್ತು. ಅವನ ಕೈಗಳು ಮಂಡಿಯ ಮೇಲಿದ್ದವು. ಮತ್ತೆ ತೂರಿಸಿ ನೋಡಿದಳು. ಮೊತ್ತ ಇನ್ನೂ ಏರಿತ್ತು.

ಮೊದಲು ಬಂದದ್ದು ನೆಮ್ಮದಿ. ಆಡುತ್ತಿರುವುದು ಇವನಲ್ಲ. ಅದರ ಬೆನ್ನಿಗೇ ಇನ್ನೊಂದು ಬಂತು. ಹಾಗಾದರೆ ಯಾರು? ಗಂಡನ ಹೆಸರಿನ ಕಾರ್ಡನ್ನು ಎದೆಗೆ ಸಿಕ್ಕಿಸಿಕೊಂಡು ಈ ಕ್ಷಣ ಇದೇ ಸೂರಿನಡಿ ಕೂತಿರುವವರು ಯಾರು? ಕೆಂಪು ಲಿಪ್‌ಸ್ಟಿಕ್ಕು, ಬಿಳಿ ಪ್ಯಾಂಟು, ಗಂಡ ಸತ್ತು ವರ್ಷವಾಗಿರುವ ಹೆಂಗಸು. ಅವಳ ಮುಖವನ್ನೂ ಆರ್ಡಿತ್ ಆಗಲೇ ಮನಸ್ಸಿನಲ್ಲಿ ಬರೆದು ಮುಗಿಸಿದ್ದಳು.

"ಮೂರನೇ ಕಾರ್ಡು ಯಾರ ಹತ್ರ ಇದೆ, ನಾರ್ಬ್?"

"ಯಾವ ಮೂರನೇದು?"

ಕೇಳುತ್ತಲೇ ಅವನ ಕಣ್ಣು ಒಮ್ಮೆ ಎಸ್ಕಲೇಟರಿನ ಆಚೆಗೆ, ಡಾಲರ್ ಯಂತ್ರಗಳ ಸಾಲಿನ ಕಡೆಗೆ ಹೋಗಿ ಬಂತು. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಅಷ್ಟು ಸಾಕು. ಅವಳು ಎದ್ದಳು. ಒಂಬತ್ತು, ಆರು ಕೊಡುವ ಯಂತ್ರವನ್ನು ಖಾಲಿ ಬಿಟ್ಟು ಎದ್ದಳು. ಅದನ್ನು ನೋಡಿದ ಮೇಲೆಯೇ ನಾರ್ಬರ್ಟ್‌ಗೆ ವಿಷಯ ಎಷ್ಟು ದೂರ ಹೋಗಿದೆಯೆಂದು ಅರಿವಾಗಿ ಅವನು ಹಿಂದೆ ಓಡಿಬಂದದ್ದು.

ಡಾಲರ್ ಯಂತ್ರದ ಮುಂದೆ ಕೂತಿದ್ದದ್ದು ಹೆಂಗಸಲ್ಲ. ಲೆಸ್ಟರ್ ಪ್ರಿವೆಟ್. ಇದೇ ಬಸ್ಸಿನಲ್ಲಿ ಪ್ರತಿ ತಿಂಗಳೂ ಮುಂದಿನ ಸೀಟಿನಲ್ಲಿ ಕೂತು ಬರುವವನು, ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿರುವವನು. ಮೀನು ಹಿಡಿಯಲು ಬರುತ್ತೇನೆ ಎಂದು ಹೇಳುತ್ತಿದ್ದ. ಗಾಳದ ಕೋಲು ಕುರ್ಚಿಗೆ ಒರಗಿತ್ತು. ಅದರ ದಾರದ ಮೇಲೆ ಅಂಗಡಿಯ ಚೀಟಿ ಇನ್ನೂ ಹಾಗೇ ಇತ್ತು.

"ಓಹೋ, ಆರ್ಡಿತ್!" ಎಂದ ಲೆಸ್ಟರ್. ನಿಜವಾಗಿಯೂ ಖುಷಿಯಾಗಿತ್ತು ಅವನಿಗೆ. "ಕೋಣೆ ಸಿಕ್ತಾ? ನದಿ ಕಡೇದೇ ಕೊಟ್ರಾ?"

ಅವನ ತೆರೆಯ ಮೇಲೆ ಒಂಬತ್ತರ ಎಲೆ ಎರಡು ಬಿದ್ದಿದ್ದವು. ಜೊತೆಗೆ ಒಂದು ಎಕ್ಕವನ್ನೂ ಹಿಡಿದುಕೊಂಡಿದ್ದ.

"ಜೋಡಿ ಇದೆಯಲ್ಲ, ಆ ಎಕ್ಕ ಬಿಡು ಲೆಸ್ಟರ್," ಎಂದುಬಿಟ್ಟಳು ಆರ್ಡಿತ್. ಬಾಯಿ ಅವಳ ಅಪ್ಪಣೆ ಕೇಳಲಿಲ್ಲ.

"ಎಕ್ಕ ಇದ್ರೆ ಧೈರ್ಯ ಕಣೇ." ಗುಂಡಿ ಒತ್ತಿದ. ಏನೂ ಬರಲಿಲ್ಲ. ಒಂದು ಕೈಗೆ ಐದು ನಾಣ್ಯದ ಪಣ, ಐದು ಡಾಲರು ಹೋಯಿತು. ಅವನ ಎದೆಯಿಂದ ಹೊರಟ ನೀಲಿ ಸುರುಳಿ ದಾರ ಯಂತ್ರದೊಳಗೆ ಹೋಗಿತ್ತು. ಮೇಲೆ ಹೊಳೆಯುತ್ತಿತ್ತು: ಸ್ವಾಗತ, ನಾರ್ಬರ್ಟ್.

ಆರ್ಡಿತ್ ಗಂಡನನ್ನು ತೋಳು ಹಿಡಿದು ಕಂಬದ ಮರೆಗೆ ಎಳೆದಳು.

"ಹೇಳು."

"ಹೇಳೋಕೇನಿದೆ? ಅವನ ಮಗಳು ಅವನ ಕಾರ್ಡು ಕತ್ತರಿಸಿ ಬಿಸಾಕಿದ್ಳು. ಅವನ ಹೆಸರಲ್ಲಿ ಹೊಸದು ಮಾಡಿಸಿದ್ರೆ ಇವರು ಮನೆಗೆ ಅಂಚೆ ಕಳಿಸ್ತಾರೆ, ಅವಳ ಕೈಗೇ ಸಿಗುತ್ತೆ. ಹಾಗಂತ ಆಡೋದು ಬಿಟ್ನಾ? ಕಾರ್ಡಿಲ್ದೆ ಆಡ್ತಾ ಕೂತಿದ್ದ, ಆರ್ಡಿತ್! ಡಾಲರ್ ಯಂತ್ರದಲ್ಲಿ, ಕಾರ್ಡಿಲ್ದೆ!" ನಾರ್ಬರ್ಟ್ ನೋವಿನಿಂದ ತಲೆ ಕೊಡವಿದ. "ಅಷ್ಟೂ ಪಾಯಿಂಟು ಮಣ್ಣುಪಾಲು. ನೋಡಿ ಸುಮ್ನಿರೋಕಾಗುತ್ತಾ?"

ಆ ನೋವು ಸುಳ್ಳಲ್ಲವೆಂದು ಆರ್ಡಿತ್‌ಗೆ ಗೊತ್ತಾಯಿತು. ಅವಳಿಗೂ ಅದೇ ನೋವಾಗಿತ್ತು. ಲೆಸ್ಟರ್ ಸೋತದ್ದಕ್ಕಲ್ಲ, ಕಾರ್ಡಿಲ್ಲದೆ ಸೋತದ್ದಕ್ಕೆ. ಅವಳ ಜಾತಿಯೇ ಅದು. ಊಟದ ಮೇಜಿನಿಂದ ಸಕ್ಕರೆ ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಬರುವ ಜಾತಿ.

"ನಾನು ಮಾತು ಮುರಿದಿಲ್ಲ," ಎಂದ ಅವನು. "ಒಂದು ಡಾಲರ್ ಯಂತ್ರ ಮುಟ್ಟಿದ್ರೆ ಹೇಳು."

"ಮುಟ್ಟಿಲ್ಲ."

"ಮತ್ತೆ? ನೀನು ಮಾತ್ರ ದೊಡ್ಡ ಸಾಚಾನಾ? ಎರಡನೇ ರಾತ್ರಿ ಪುಕ್ಕಟೆ ಆದಾಗ ಯಾಕೆ ಕೇಳ್ಲಿಲ್ಲ? ಬೆಳಗಿನ ತಿಂಡಿ ಪುಕ್ಕಟೆ ಆದಾಗ? 'ಎಲ್ಲ ನನ್ನ ಆಟದ ಜಾಣತನ' ಅಂತ ನಮ್ಮ ಟ್ರೇಲರ್ ಪಾರ್ಕಿನ ಮನೆಮನೆಗೂ ಹೇಳ್ಕೊಂಡು ಬಂದ್ಯಲ್ಲ!"

ಹೌದು, ಹೇಳಿಕೊಂಡು ಬಂದಿದ್ದಳು. ಕಳೆದ ಚಳಿಗಾಲದಿಂದಲೂ ಎಲ್ಲೋ ಒಂದು ಮೂಲೆಯಲ್ಲಿ ಅನುಮಾನ ಇತ್ತು. ತಿಂಡಿ ಬಿಸಿಯಾಗಿತ್ತು, ಕೇಳಲಿಲ್ಲ. ಅವಳು ತಲೆ ತಗ್ಗಿಸಿದಳು.

ಅದನ್ನು ನಾರ್ಬರ್ಟ್ ಒಪ್ಪಿಗೆ ಎಂದುಕೊಂಡ. ದನಿ ಮೆತ್ತಗಾಯಿತು. ಅವಳ ಕೈ ಹಿಡಿದುಕೊಂಡ.

"ನಿನಗೆ ಆಮೇಲೆ ಹೇಳೋಣ ಅಂತಿದ್ದೆ. ಮದುವೆಯಾಗಿ ಐವತ್ತು ತುಂಬುತ್ತಲ್ಲ. ಪಾಯಿಂಟಲ್ಲಿ ಇನ್ನೊಂದು ಮೆಟ್ಟಿಲು ಮೇಲೆ ಹೋದ್ರೆ ಹಡಗಿನ ಪ್ರವಾಸ ಕೊಡ್ತಾರೆ. ಅಲಾಸ್ಕಾ. ಇಬ್ಬರಿಗೂ. ನೀನು ಹಿಮನದಿ ನೋಡ್ಬೇಕು ಅಂತಿದ್ದೆ."

ಅವಳು ಅವನ ಮುಖ ನೋಡಿದಳು. ಒಳ್ಳೆಯ ಮುಖ. ಅದರಲ್ಲಿ ಪ್ರೀತಿಯೇ ಇತ್ತು, ಬೇರೇನೂ ಇರಲಿಲ್ಲ. ಅವಳಿಗೆ ಭಯವಾದದ್ದು ಅದನ್ನು ಕಂಡೇ.

"ಅದಕ್ಕೆ ಲೆಸ್ಟರ್ ಇನ್ನೂ ಎಷ್ಟು ಆಡ್ಬೇಕು?"

ನಾರ್ಬರ್ಟ್ ಜೀವಮಾನವಿಡೀ ಹಾಲಿನ ಡೈರಿಯಲ್ಲಿ ಸ್ಟಾಕು ನೋಡಿಕೊಂಡವನು. ಪ್ರಶ್ನೆ ಕೇಳಿದರೆ ಲೆಕ್ಕ ಹಾಕುವುದು ಅವನ ರಕ್ತದಲ್ಲೇ ಇತ್ತು. ಕಣ್ಣು ಮೇಲೆ ಹೋಯಿತು. ತುಟಿ ಅಲುಗಿತು.

"ಅವನು ಹೀಗೇ ಹೋದ್ರೆ... ಏಪ್ರಿಲ್ ಹೊತ್ತಿಗೆ ಆಗುತ್ತೆ."

"ಏಪ್ರಿಲ್ ತನಕ ಅವನ ಹತ್ರ ದುಡ್ಡು ಇರುತ್ತಾ?"

"ಟ್ರಕ್ಕು ಮಾರಿದಾನಲ್ಲ, ಆ ದುಡ್ಡು ಅಲ್ಲೀವರೆಗೆ ಬರುತ್ತೆ," ಎಂದ. ಎಂದ ಮೇಲೆ, ತಾನೇನು ಅಂದೆ ಎಂಬುದು ಅವನ ಕಿವಿಗೂ ಬಿತ್ತು. ಹಿಡಿದಿದ್ದ ಕೈಯನ್ನು ತಾನಾಗಿಯೇ ಬಿಟ್ಟ.

ಆರ್ಡಿತ್ ಲೆಸ್ಟರ್‌ನ ಹತ್ತಿರ ಹೋಗಿ, ಕೇಳದೆ ಹೇಳದೆ, ಯಂತ್ರದಿಂದ ಕಾರ್ಡನ್ನು ಎಳೆದು ಅವನ ಗುಂಡಿಯಿಂದ ದಾರವನ್ನು ಬಿಚ್ಚಿದಳು.

"ಏನೇ ಇದು?"

"ನಿನ್ನ ಮಗಳಿಗೆ ಫೋನ್ ಮಾಡ್ತೀನಿ ಲೆಸ್ಟರ್. ಮಾಡಿದ ಮೇಲೆ ತಿಳಿಯೋದು ಬೇಡ ಅಂತ ಈಗಲೇ ಹೇಳ್ತಿದೀನಿ."

"ಬೇಡ ಕಣೇ." ಲೆಸ್ಟರ್ ಸಿಟ್ಟಾಗಲಿಲ್ಲ. ತೆರೆಯಿಂದ ಕಣ್ಣನ್ನೂ ತೆಗೆಯಲಿಲ್ಲ. "ಅವಳು ಒಳ್ಳೇ ಹುಡುಗಿ. ಬೇಜಾರು ಮಾಡ್ಕೋತಾಳೆ. ನಿಮಗಾದ್ರೂ ಕೋಣೆ ಸಿಕ್ತಲ್ಲ, ಯಾರಿಗೋ ಒಬ್ಬರಿಗೆ ಉಪಯೋಗ ಆಗ್ಲಿ ಅಂದ್ಕೊಂಡಿದ್ದೆ." ಹಾಗೆಂದು ಗುಂಡಿ ಒತ್ತಿದ. ಐದು ಎಲೆಗಳು ಬಂದವು. ಮತ್ತೆ ಒಂದು ಎಕ್ಕವನ್ನು ಹಿಡಿದುಕೊಂಡ.

ಪಕ್ಕದ ಯಂತ್ರದಲ್ಲಿ ನೇರಳೆ ಟೋಪಿಯ ಅಜ್ಜಿಯೊಬ್ಬಳು ಇಷ್ಟು ಹೊತ್ತೂ ಇತ್ತಲೇ ನೋಡುತ್ತಿದ್ದಳು. ಅವಳಿಗೆ ತಡೆಯಲಾಗಲಿಲ್ಲ.

"ಅಯ್ಯೋ, ಕಾರ್ಡಿಲ್ದೆ ಆಡ್ತಿದ್ದೀರಲ್ಲ! ಪಾಯಿಂಟೆಲ್ಲ ಸುಮ್ನೆ ಹಾಳು. ತಗೊಳ್ಳಿ, ನನ್ನ ಹತ್ರ ಇನ್ನೊಂದಿದೆ." ತನ್ನ ಕೈಚೀಲದಿಂದ ಗುಲಾಬಿ ದಾರದ ಕಾರ್ಡೊಂದನ್ನು ತೆಗೆದು, ತಾನೇ ಬಾಗಿ ಲೆಸ್ಟರ್‌ನ ಯಂತ್ರಕ್ಕೆ ತೂರಿಸಿದಳು. 'ಸ್ವಾಗತ, ಯೂನಿಸ್' ಎಂದಿತು ತೆರೆ.

"ನಿಮ್ಮ ಉಪಕಾರ," ಎಂದ ಲೆಸ್ಟರ್.

"ಇದರಲ್ಲೇನು ಉಪಕಾರ!" ಎಂದಳು ಅಜ್ಜಿ.

"ನೋಡಿದ್ಯಾ?" ನಾರ್ಬರ್ಟ್ ಹಿಂದಿನಿಂದ ಪಿಸುಗುಟ್ಟಿದ. ಅವನ ದನಿಯಲ್ಲಿ ಬಿಡುಗಡೆ ಇತ್ತು. "ನಾವಲ್ದಿದ್ರೆ ಇನ್ನೊಬ್ರು. ನೋಡಿದ್ಯಾ?"

ಆರ್ಡಿತ್ ನೋಡಿದಳು. ನಂತರ ಸ್ಯಾಂಡ್‌ವಿಚ್ಚಿನ ಚೀಲವನ್ನು ಅವನ ಕೈಗೆ ಕೊಟ್ಟು ನದಿಯ ಕಡೆಯ ಬಾಗಿಲಿಂದ ಹೊರಗೆ ನಡೆದಳು. ಬಿಸಿಲು ಕಣ್ಣಿಗೆ ಚುಚ್ಚಿತು. ಕಟ್ಟೆಯ ತುದಿಯಲ್ಲಿ ಆಚೆ ದಡಕ್ಕೆ ಹೋಗುವ ಸಣ್ಣ ದೋಣಿ ಇಂಜಿನ್ ಗುರುಗುಟ್ಟಿಸುತ್ತ ನಿಂತಿತ್ತು. ಅವಳು ಹತ್ತಿದಳು. ದೋಣಿಯವನು ಟಿಕೆಟಿನ ಕಟ್ಟು ತೆಗೆದ.

"ಹೋಗಿ ಬರೋದಕ್ಕಾ ಮೇಡಂ, ಹೋಗೋದಕ್ಕೆ ಮಾತ್ರವಾ?"

ನಾರ್ಬರ್ಟ್ ಚೀಲ ಹಿಡಿದುಕೊಂಡು ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಬಂದ. ಅವಳು ಪರ್ಸು ತೆರೆಯುವುದನ್ನು ಕಂಡು ಅವನಿಗೆ ಸಹಿಸಲಾಗಲಿಲ್ಲ.

"ಆರ್ಡಿತ್! ದುಡ್ಡು ಕೊಡ್ಬೇಡ!" ಎಂದು ಕೂಗಿದ. "ಕಾರ್ಡು ತೋರ್ಸು! ಕಾರ್ಡು ತೋರ್ಸಿದ್ರೆ ಪುಕ್ಕಟೆ!"

"ಹೋಗೋದಕ್ಕೆ ಮಾತ್ರ," ಎಂದಳು ಅವಳು ದೋಣಿಯವನಿಗೆ, ನೋಟು ಚಾಚುತ್ತ.