ಅರ್ಧ ಬಟ್ಟಲು ಕಾಫಿ

ಒಳ್ಳೆಯ ಕಾಫಿ ಅಂಗಡಿ ಹುಡುಕುವುದರಲ್ಲಿ ಗುಲ್ಬಾರಾಳನ್ನು ಮೀರಿಸುವವರು ಅಲ್ಮಾಟಿಯಲ್ಲಿ ಯಾರೂ ಇರಲಿಲ್ಲ. ಅವಳೇನು ಈ ಊರಿನವಳಲ್ಲ, ಈ ದೇಶದವಳೂ ಅಲ್ಲ. ಗಡಿಯಾಚೆಯ ನರಿನ್ ಕಡೆಯ ಕಿರ್ಗಿಜ್ ಹೆಂಗಸು, ಬಂದು ಎರಡು ವರ್ಷವೂ ತುಂಬಿರಲಿಲ್ಲ. ಆದರೂ ಇಲ್ಲೇ ಹುಟ್ಟಿ ಬೆಳೆದವರು ಅವಳ ಮಾತು ನಂಬಿ ಕಾಫಿ ಕುಡಿಯಲು ಹೋಗುತ್ತಿದ್ದರು. ಹೆಸರು ಹಾಕದೆ ಟೆಲಿಗ್ರಾಂನಲ್ಲಿ ವಾರಕ್ಕೊಂದು ಅಂಗಡಿಯ ಬಗ್ಗೆ ಬರೆಯುತ್ತಿದ್ದಳು, ಮೂರು ಸಾವಿರ ಜನ ಓದುತ್ತಿದ್ದರು. ಊರಿಗೆ ಹತ್ತು ಶಾಖೆ ತೆರೆದು ಎಲ್ಲ ಕಡೆ ಒಂದೇ ರುಚಿ ಕೊಡುವ ಅಂಗಡಿಗಳ ತಂಟೆಗೇ ಅವಳು ಹೋದವಳಲ್ಲ. ಬೀಜ ಹುರಿಯುವವರೂ ಅವರೇ, ಬಟ್ಟಲು ತೊಳೆಯುವವರೂ ಅವರೇ ಆಗಿರಬೇಕು; ಅಂಥ ಕಡೆ ಮಾತ್ರ ಕಾಲಿಡುತ್ತಿದ್ದಳು.

ಆದರೆ ಒಳಗೆ ಹೋದ ಕೂಡಲೇ ಅವಳು ನೋಡುತ್ತಿದ್ದದ್ದು ಕಾಫಿಯನ್ನಲ್ಲ, ಹಿಂಬಾಗಿಲನ್ನು. ಅದು ಓದುವವರಿಗೆ ಹೇಗೆ ಗೊತ್ತಾಗಬೇಕು, ಪಾಪ! 'ಇಲ್ಲಿ ಕಿಟಕಿಯ ಬಳಿ ಕೂತರೆ ಬೆಳಕು ಸೊಗಸು' ಎಂದು ಬರೆದಳೆಂದರೆ, ಅಲ್ಲಿಂದ ಬೀದಿಯ ಎರಡೂ ತುದಿ ಕಾಣುತ್ತವೆ ಎಂದು ತಿಳಿಯಬೇಕು. 'ಗದ್ದಲವಿಲ್ಲದ ಜಾಗ' ಎಂದರೆ, ಯಾರು ಬಂದರೂ ಹೆಜ್ಜೆ ಸದ್ದು ಕೇಳುತ್ತದೆ ಎಂದು. ಬೆನ್ನು ಗೋಡೆಗೆ, ಕಣ್ಣು ಬಾಗಿಲಿಗೆ, ಕೈ ಲ್ಯಾಪ್‌ಟಾಪಿನ ಅನುವಾದದ ಕೆಲಸಕ್ಕೆ. ಮಗಳು ಐಪೇರಿಯ ಶಿಶುವಿಹಾರ ಬಿಡುವ ತನಕ ಅವಳ ದಿನ ಹೀಗೇ ಕಳೆಯುತ್ತಿತ್ತು.

ಅವಳು ಹೆದರುತ್ತಿದ್ದದ್ದು ಗಂಡನಿಗೆ. ಕುಬಾತ್ ಓಶ್ ಪಟ್ಟಣದವನು, ಲಾರಿ ಇಟ್ಟವನು, ನಾಲ್ಕು ಜನರ ನಡುವೆ ಬಲು ಹಾಸ್ಯಗಾರ. ಮನೆಯಲ್ಲಿ, ಕೈ ಎತ್ತುವ ಮೊದಲು, ಬೀಗದ ಕೈ ಗೊಂಚಲನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಿದ್ದ. ಗೊಂಚಲಿನಲ್ಲಿ ತೋಳದ ಕಾಲಿನ ಗಂಟುಮೂಳೆ. ದೃಷ್ಟಿ ತಾಗದಿರಲಿ ಎಂದು ಅವನ ಅಮ್ಮ ಕಟ್ಟಿಕೊಟ್ಟಿದ್ದು. ಆ ಮೂಳೆ ಕೀಲಿಗಳಿಗೆ ಬಡಿದು ಟಕ್, ಟಕ್ ಎನ್ನುತ್ತಿತ್ತು. ಅವಳ ಎಡ ಮಣಿಕಟ್ಟು ಮುರಿದಾಗ ಐಪೇರಿಗೆ ಮೂರು ವರ್ಷ. ಆಸ್ಪತ್ರೆಯ ಮಂಚದ ಪಕ್ಕ ಕೂತು, ಸೇಬು ಹೆಚ್ಚುತ್ತಾ ಅವನು ಹೇಳಿದ್ದ: "ಎಲ್ಲೇ ಹೋಗಿ ಬಚ್ಚಿಟ್ಕೊಂಡ್ರೂ ಹುಡುಕ್ತೀನಿ ಕಣೇ. ನಿನ್ ಹಣೆಬರಹ ನೀನ್ ನೋಡ್ಕೋ. ಮಗೂನ ಮಾತ್ರ ನನ್ನಮ್ಮನ ಮಡಿಲಿಗೆ ಹಾಕ್ತೀನಿ. ಆಮೇಲೆ ಅದರ ಮುಖ ಹೇಗೆ ನೋಡ್ತೀಯೋ ನಾನೂ ನೋಡ್ತೀನಿ." ಅವನು ಹೇಳಿದ್ದನ್ನು ಮಾಡುವವನು. ಪೊಲೀಸರಿಗೆ ಹೇಳಬಾರದಿತ್ತೇ ಎನ್ನುವವರಿದ್ದಾರೆ. ಹೇಳಿಯೂ ಆಗಿತ್ತು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಕ್ಕು ಕಳಿಸಿದ್ದರು.

ಇಷ್ಟೆಲ್ಲ ಎಚ್ಚರದ ಹೆಂಗಸು ದಿನಾ ಹೋಗಿ ಕೂರುತ್ತಿದ್ದದ್ದು ಹಿಂಬಾಗಿಲೇ ಇಲ್ಲದ ಅಂಗಡಿಯಲ್ಲಿ! ರೌಶಾನ್ ಎಜೆಯ ಅಂಗಡಿ ಅದು. ಎಜೆ ಎಂದರೆ ಅಕ್ಕ. ಕಜಾಖ್ ಹೆಂಗಸಾದರೂ ಗುಲ್ಬಾರಾ ಅವರನ್ನು ತನ್ನ ಭಾಷೆಯಲ್ಲೇ ಹಾಗೆ ಕರೆಯುತ್ತಿದ್ದಳು. ಹಳೆಯ ವಸತಿ ಕಟ್ಟಡವೊಂದರ ಅಂಗಳಕ್ಕೆ ಬಾಗಿಲು ತೆರೆದಿರುವ ಎರಡು ಕೋಣೆ. ಮುಂದಿನದರಲ್ಲಿ ಕಾಫಿ ಮಾಡುವ ಕಟ್ಟೆ, ಒಳಗಿನದರಲ್ಲಿ ನಾಲ್ಕು ಮೇಜು, ನಡುವೆ ಕದವಿಲ್ಲದ ಚೌಕಟ್ಟು. ಬೋರ್ಡು ಗೀರ್ಡು ಏನೂ ಇಲ್ಲ. ಪಲಾವಿನ ಕಬ್ಬಿಣದ ಬಾಣಲೆಯಲ್ಲಿ ಬೀಜ ಹುರಿಯುವ ವಾಸನೆಯೇ ಅವಳನ್ನು ಅಲ್ಲಿಗೆ ಎಳೆದು ತಂದಿತ್ತು.

ಮೊದಲ ದಿನ ಅವಳು ಹಾಲು ಕಾಫಿ ಕೇಳಿ, ಹಿಂಜರಿಯುತ್ತಾ, "ಎಜೆ, ಒಂದ್ ಚಿಟಿಕೆ ಉಪ್ಪು ಸಿಗುತ್ತಾ?" ಎಂದಿದ್ದಳು.

"ಉಪ್ಪಾ? ನರಿನ್ ಕಡೆಯೋಳಾ ನೀನು?"

"ಹೇಗೆ ಗೊತ್ತಾಯ್ತು?"

"ಚಹಾಗೇ ಉಪ್ಪು ಹಾಕೋ ಜನ, ಕಾಫಿನ ಸುಮ್ನೆ ಬಿಡ್ತೀರಾ? ತಗೋ, ತಗೋ. ನಿನ್ನ ಬಾಯಿ, ನಿನ್ನ ರುಚಿ." ಅಷ್ಟೇ. ನಗಲಿಲ್ಲ. ಅತ್ತೆ ಮನೆಯಲ್ಲಿ ಆ ಉಪ್ಪಿಗೆ ನಗದವರೇ ಇರಲಿಲ್ಲ. ಓಶ್‌ನವರಿಗೆ ಉಪ್ಪಿಲ್ಲದ ಹಸಿರು ಚಹಾ ಆಗಬೇಕು. 'ನನ್ ಹೆಂಡ್ತಿ ಕಾಫೀನೂ ಸಾರು ಮಾಡ್ಕೊಂಡು ಕುಡೀತಾಳೆ' ಎಂದು ಕುಬಾತ್ ಪ್ರತಿ ಮದುವೆ ಮನೆಯಲ್ಲೂ ಜನರನ್ನು ನಗಿಸುತ್ತಿದ್ದ.

ರೌಶಾನ್ ಎಜೆ ಕಾಫಿಯನ್ನು ಚಹಾದ ಬಟ್ಟಲಲ್ಲೇ ಕೊಡುತ್ತಿದ್ದರು, ಅದೂ ಅರ್ಧವೇ. ಹಿಂದಿನವರ ಪದ್ಧತಿ. ಬಂದವರಿಗೆ ಅರ್ಧ ಬಟ್ಟಲು ಕೊಟ್ಟರೆ ಇನ್ನೂ ಕೂತಿರಿ, ಮತ್ತೆ ಹಾಕುತ್ತೇನೆ ಎಂದು; ತುಳುಕುವಂತೆ ತುಂಬಿಸಿ ಕೊಟ್ಟರೆ ಕುಡಿದು ಎದ್ದು ನಡೆ ಎಂದು. ಕಾಲೇಜು ಹುಡುಗರಿಗೆ ಇದೆಲ್ಲ ಎಲ್ಲಿ ಗೊತ್ತು? "ಅರ್ಧ ಕೊಟ್ಟು ಪೂರ್ತಿ ದುಡ್ಡು ಇಸ್ಕೋತೀರಲ್ಲ ಅಜ್ಜೀ!" ಎನ್ನುತ್ತಿದ್ದರು.

"ತುಂಬಿಸಿ ಕೊಟ್ರೆ ನಿನ್ನ ಮುಖಕ್ಕೆ ಬಾಗಿಲು ಹಾಕ್ದಂಗೆ ಕಣೋ. ನಿಮ್ಮಮ್ಮ ಕಲಿಸ್ಲಿಲ್ವಾ? ಮುಗಿದ್ಮೇಲೆ ಬಟ್ಟಲು ಚಾಚು, ಹತ್ತು ಸಲ ಹಾಕ್ತೀನಿ," ಎಂದು ಎಜೆ ಗದರುತ್ತಿದ್ದರು. ನಲವತ್ತು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿದ ಗಂಟಲು! ಹುಡುಗರು ಮತ್ತೆ ಬರುತ್ತಿರಲಿಲ್ಲ. ಐಪೇರಿಗೆ ಮಾತ್ರ ಅದೊಂದು ಆಟ. ಸಂಜೆ ಬಿಸಿ ಹಾಲಿನ ಬಟ್ಟಲು ಬಂದ ಕೂಡಲೇ ಇಣುಕಿ ನೋಡಿ, "ಅರ್ಧ! ನಾವು ಕೂತ್ಕೋಬಹುದು, ಅಪಾ!" ಎಂದು ಅಮ್ಮನಿಗೆ ಕೂಗಿ ಹೇಳುತ್ತಿದ್ದಳು. ಅವರ ಭಾಷೆಯಲ್ಲಿ ಅಪಾ ಎಂದರೆ ಅಮ್ಮ. ಗುಲ್ಬಾರಾ ತನ್ನ ಮತ್ತು ಮಗಳ ಪಾಸ್‌ಪೋರ್ಟುಗಳನ್ನು ಬಾಡಿಗೆ ಕೋಣೆಯಲ್ಲಿಡಲು ಹೆದರಿ, ಎಜೆಯ ಸಕ್ಕರೆ ಡಬ್ಬಿಯಲ್ಲಿ ಇಟ್ಟಿದ್ದಳು. ಅಷ್ಟು ನಂಬಿಕೆ.

ಈ ಅಂಗಡಿಯ ಬಗ್ಗೆ ಅವಳು ಒಂದಕ್ಷರ ಬರೆದಿರಲಿಲ್ಲ. ಆದರೆ ಮಾರ್ಚ್ ಮೊದಲ ವಾರ ಎಜೆ ಬಾಣಲೆ ಉಜ್ಜುತ್ತಾ, "ಈ ತಿಂಗಳು ನೋಡ್ತೀನಿ. ಜನ ಬರ್ದೆ ಇದ್ರೆ ಮುಚ್ಚಿಬಿಡ್ತೀನಿ, ಏನ್ಮಾಡೋದು," ಎಂದರು. ಗುಲ್ಬಾರಾ ಆ ದಿನವೇ ಬರೆದಳು. ಅಂಗಳ, ಬಾಣಲೆ, ಅರ್ಧ ಬಟ್ಟಲಿನ ಮರ್ಯಾದೆ ಎಲ್ಲವನ್ನೂ ಬರೆದಳು. ಪ್ರೀತಿ ಉಕ್ಕಿದಾಗ ಕೈಗೆ ಕಡಿವಾಣ ಇರುತ್ತದೆಯೇ? ಕೊನೆಗೆ ಇನ್ನೊಂದು ಸಾಲು ಸೇರಿಸಿದಳು: 'ಹಾಲು ಕಾಫಿಗೆ ಚಿಟಿಕೆ ಉಪ್ಪು ಕೇಳಿ ನೋಡಿ, ಇಲ್ಲಿ ಯಾರೂ ನಗುವುದಿಲ್ಲ.'

ಮಾರನೆಯ ದಿನ ಅಂಗಡಿ ತುಂಬಿತು, ಬಟ್ಟಲು ಸಾಲದೆ ಎಜೆ ಪಕ್ಕದ ಮನೆಯಿಂದ ತಂದರು. ಮೂರನೆಯ ದಿನ ಆ ಬರಹದ ಕೆಳಗೆ ಹೆಸರಿಲ್ಲದ ಯಾರೋ ಬರೆದಿದ್ದರು: 'ಕಾಫಿ ಸಾರು ಕುಡಿಯೋಳು ನಮ್ಮನೇಲೂ ಒಬ್ಳಿದ್ಳು.' ಪಕ್ಕದಲ್ಲಿ ನಗುವ ಮುಖದ ಚಿತ್ರ.

ಅದು ಯಾರ ಮಾತೆಂದು ಗುಲ್ಬಾರಾಳಿಗೆ ಗೊತ್ತಾಯಿತು. ಸಾಲು ಅಳಿಸಿದಳು, ಬರಹ ಅಳಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳಿಸಿ ಏನು ಬಂತು? ಎರಡು ದಿನ ಮಗಳನ್ನು ಕೋಣೆಯಲ್ಲೇ ಇಟ್ಟುಕೊಂಡು, ಮೆಟ್ಟಿಲ ಮೇಲೆ ಯಾರು ಹತ್ತಿದರೂ ಉಸಿರು ಬಿಗಿಹಿಡಿದು ಕೂತಳು. ಊರು ಬಿಡಲೇಬೇಕು, ರೈಲು ಹತ್ತಬೇಕಾದರೆ ಪಾಸ್‌ಪೋರ್ಟು ಬೇಕು. ಮೂರನೆಯ ಬೆಳಿಗ್ಗೆ ಎಜೆಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಯಾವ ಗಂಡಸೂ ಬಂದಿಲ್ಲ ಕಣೇ. ಮಧ್ಯಾಹ್ನ ಗಿರಾಕಿ ಕಮ್ಮಿ, ಆಗ ಬಾ. ಡಬ್ಬಿ ತೆಗೆದಿಟ್ಟಿರ್ತೀನಿ. ಹೆದರ್ಬೇಡ, ನಿನ್ನ ಪೀಡೆಯೆಲ್ಲ ನನಗಿರ್ಲಿ," ಎಂದರು ಎಜೆ.

ಮಾತು ಮುಗಿದ ಮೇಲೆ, ಫೋನಿನಿಂದಲೇ ಅವನಿಗೆ ಜಾಡು ಸಿಕ್ಕಿಬಿಟ್ಟರೆ ಎಂಬ ಭಯಕ್ಕೆ ಸಿಮ್ ಕಿತ್ತು ಬೀದಿ ಬದಿಯ ಕಾಲುವೆಗೆ ಎಸೆದಳು. ಬೆಟ್ಟದ ಹಿಮ ಕರಗಿ ನೀರು ಜೋರಾಗಿ ಹರಿಯುತ್ತಿತ್ತು. ಇನ್ನು ಎಜೆ ಏನಾದರೂ ಹೇಳಬೇಕೆಂದರೂ ದಾರಿ ಇರಲಿಲ್ಲ. ಅದು ಆಗ ಅವಳಿಗೆ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ಐಪೇರಿಯ ಕೈ ಹಿಡಿದು ಅಂಗಳ ಹೊಕ್ಕಳು. ಲಾರಿ ಇದೆಯೇ ಎಂದು ಎರಡು ಸಲ ನೋಡಿದಳು. ಇರಲಿಲ್ಲ. ಒಳಗೆ ಕಾಲಿಟ್ಟಾಗ ಎಜೆ ಒಬ್ಬರೇ ಕಟ್ಟೆಯ ಹಿಂದೆ ನಿಂತಿದ್ದರು. ತಲೆ ಎತ್ತಿ ನೋಡಿದರು. ನಗಲಿಲ್ಲ, ಬಾ ಎನ್ನಲಿಲ್ಲ. ಒಂದು ಬಟ್ಟಲು ಎತ್ತಿಕೊಂಡು ಹೂಜಿಯಿಂದ ಕಾಫಿ ಸುರಿಯತೊಡಗಿದರು. ಅರ್ಧಕ್ಕೆ ಬಂತು, ನಿಲ್ಲಿಸಲಿಲ್ಲ. ಮುಕ್ಕಾಲು ಆಯಿತು. ಅಂಚಿಗೆ ಬಂದು, ತುಳುಕಿ, ಮರದ ಕಟ್ಟೆಯ ಮೇಲೆ ಹರಿಯಿತು. ಆ ಬಟ್ಟಲನ್ನು ಅವಳ ಮುಂದೆ ತಳ್ಳಿದರು.

ಅವಳಿಗೆ ಮೊದಲು ಆದದ್ದು ಭಯವಲ್ಲ, ಸಂಕಟ. ಕಣ್ಣಲ್ಲಿ ನೀರು ಚಿಮ್ಮಿತು. ನೀವೂನಾ ಎಜೆ? ನನ್ನ ರಗಳೆ ನಿಮ್ಮ ಮನೆ ಬಾಗಿಲಿಗೆ ಬರುತ್ತೆ ಅಂತ ನೀವೂ ನನ್ನನ್ನ ಆಚೆ ಹಾಕ್ತೀರಾ? ಇನ್ನೇನು ಬಾಯಿ ತೆರೆದು ಕೇಳಬೇಕು, ಅಷ್ಟರಲ್ಲಿ ಎಜೆ ಕಾಫಿ ಬೀಜದ ಕಾಗದದ ಚೀಲವೊಂದನ್ನು ಅವಳ ಎದೆಗೆ ಒತ್ತಿ ಹಿಡಿದರು.

"ತಗೊಳ್ಳಿ, ನೀವು ಹೇಳಿದ್ದ ಬೀಜ. ಇದೇ ಕೊನೇದು. ಇನ್ಮೇಲೆ ಇಲ್ಲಿ ಸಿಗಲ್ಲ, ಬೇರೆ ಕಡೆ ನೋಡ್ಕೊಳ್ಳಿ."

ನೀವು? ಎಜೆ ಅವಳನ್ನು ಎಂದೂ ನೀವು ಎಂದವರಲ್ಲ.

ಒಳಕೋಣೆಯಿಂದ ಸದ್ದು ಬಂತು. ಟಕ್. ಟಕ್.

ಗುಲ್ಬಾರಾ ಕೆಳಗೆ ನೋಡಿದಳು. ಐಪೇರಿ ತುಂಬಿದ ಬಟ್ಟಲನ್ನೇ ನೋಡುತ್ತಾ, ಹೇಳಲೆಂದು ಬಾಯಿ ತೆರೆದಿದ್ದಳು. ಆ ಸದ್ದು ಕೇಳಿದ್ದೇ ತಡ, ಬಾಯಿ ತಾನಾಗಿ ಮುಚ್ಚಿಕೊಂಡಿತು. ಐದು ವರ್ಷದ ಕೂಸು. ಅದರ ಉಗುರು ಅಮ್ಮನ ಅಂಗೈಗೆ ನೆಟ್ಟಿತು. ಯಾರೂ ಸುಮ್ಮನಿರು ಎಂದು ಹೇಳಬೇಕಾಗಲಿಲ್ಲ.

"ಯಾರು ಬಂದಿದ್ದು, ಎಜೆ?" ಕುಬಾತನ ಸ್ವರ. ಜೇನು ಸವರಿದಂತಿತ್ತು.

"ಮೇಲಿನ ಮನೆ ಮುದುಕಿ ಕಣಪ್ಪಾ. ಮೊಮ್ಮಗೂನ ಕರ್ಕೊಂಡು ಬಂದವ್ರೆ."

"ಮಾತೇ ಆಡಲ್ಲ ಮುದುಕಿ?"

"ಹಲ್ಲುನೋವಂತೆ. ಯಾಕೆ, ಮಾತಾಡಿಸಿ ಮದುವೆ ಆಗ್ತೀಯಾ?"

ಒಳಗಿನಿಂದ ನಗು ಕೇಳಿತು. ನಗುವಿನ ಹಿಂದೆಯೇ ಕುರ್ಚಿ ಸರಿದ ಸದ್ದು. ಎಜೆ ಹೂಜಿ ಎತ್ತಿಕೊಂಡು ದಡದಡನೆ ಹೋಗಿ ಚೌಕಟ್ಟಿನ ತುಂಬ ನಿಂತುಬಿಟ್ಟರು. ದಪ್ಪ ಮೈಯ ಹೆಂಗಸು, ತಾಯಿ ಮಗಳ ಒಂದು ಕೂದಲೆಳೆಯೂ ಕಾಣಿಸದಂತೆ ನಿಂತರು.

"ಕೂತ್ಕೋ ತಮ್ಮಾ, ಕೂತ್ಕೋ. ಖಾಲಿ ಬಟ್ಟಲು ಬಿಟ್ಟು ಬಂದವ್ರು ಎದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಹಿಡಿ." ಸುರಿಯುವ ಸದ್ದು ಬೇಗ ನಿಂತಿತು. "ನೋಡು, ಅರ್ಧವೇ ಹಾಕಿದೀನಿ. ಇನ್ನೂ ಕೂತಿರು ಅಂತ. ನಿಮ್ಮೂರಲ್ಲೂ ಇದೆ ತಾನೇ ಈ ಪದ್ಧತಿ?"

"ಇದೆ ಎಜೆ, ಇರದೇ ಏನು," ಎಂದ ಅವನು. ಕುರ್ಚಿ ಕಿರುಗುಟ್ಟಿತು, ಕೂತ. "ಅವಳು ಎಷ್ಟೊತ್ತಿಗೆ ಬರ್ತಾಳೆ ಅಂದ್ರಿ?"

"ಆರಕ್ಕೆ. ದಿನಾ ಆರಕ್ಕೇ ಬರೋದು," ಎಂದು ಎಜೆ ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದರು.

ಗುಲ್ಬಾರಾ ಬಾಗಿಲನ್ನು ಎಳೆದುಕೊಳ್ಳಲಿಲ್ಲ, ಅದು ಕೀರಲು ಬಾಗಿಲು. ಅಂಗಳವನ್ನು ಮುದುಕಿಯಂತೆ ಬಾಗಿ, ನಿಧಾನವಾಗಿ ದಾಟಿದಳು. ಬೆನ್ನು ಚುಳುಚುಳು ಎನ್ನುತ್ತಿತ್ತು, ಈಗ ಕೂಗುತ್ತಾನೆ, ಈಗ ಕೂದಲಿಗೆ ಕೈ ಹಾಕುತ್ತಾನೆ. ಮೂಲೆ ತಿರುಗಿದ ಮೇಲೆ ಮಗಳನ್ನು ಎತ್ತಿಕೊಂಡು ಓಡಿದಳು. ಬೆಟ್ಟಕ್ಕೆ ಬೆನ್ನು ಹಾಕಿ, ಸ್ಟೇಷನ್ ಕಡೆ ಇಳಿಜಾರಿನಲ್ಲಿ, ಉಸಿರು ಕಟ್ಟುವ ತನಕ ಓಡಿದಳು.

ಟಿಕೆಟ್ ಕಿಟಕಿಯವಳು ಪಾಸ್‌ಪೋರ್ಟ್ ಎಂದಾಗಲೇ ಅವಳಿಗೆ ನೆನಪಾದದ್ದು, ಡಬ್ಬಿ ತರಲೇ ಇಲ್ಲ. ಎದೆಗವುಚಿದ್ದ ಚೀಲ ಹಾಗೇ ಇತ್ತು. ಏನೋ ತೋಚಿ ಬೀಜದೊಳಗೆ ಕೈ ಹಾಕಿದಳು. ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ಪಾಸ್‌ಪೋರ್ಟು ಸಿಕ್ಕವು. ಕಿಟಕಿಯ ಮುಂದೆಯೇ ಗೊಳೋ ಎಂದು ಅತ್ತುಬಿಟ್ಟಳು.

ಈಗ ತಾಯಿ ಮಗಳು ದೂರದ ಕರಗಂದಿ ಊರಿನಲ್ಲಿದ್ದಾರೆ. ಟೆಲಿಗ್ರಾಂನ ಬರಹ ನಿಂತಿದೆ. ಬೇರೆ ಯಾರೋ ಅಲ್ಮಾಟಿಯ ಬಗ್ಗೆ ಬರೆಯುವುದನ್ನು ಕದ್ದು ಓದುತ್ತಾಳೆ. ಮೇ ತಿಂಗಳಲ್ಲಿ ಒಬ್ಬ ಹುಡುಗ, 'ಆ ಅಂಗಳದ ಅಜ್ಜಿ ಇನ್ನೂ ಅರ್ಧವೇ ಕೊಡುತ್ತಾಳೆ, ಕೇಳಿದರೆ ಬೈಯುತ್ತಾಳೆ' ಎಂದು ದೂರಿದ್ದ. ಎಜೆ ಬದುಕಿದ್ದಾರೆ, ಬೈಯುತ್ತಿದ್ದಾರೆ. ಆ ದಿನ ಗುಲ್ಬಾರಾ ಹೊಟ್ಟೆ ತುಂಬ ಉಂಡಳು.

ಹೊಸ ಊರಿನಲ್ಲಿ ಒಂದು ಅಂಗಡಿ ಹುಡುಕಲು ಅವಳಿಗೆ ಏಳು ತಿಂಗಳು ಬೇಕಾಯಿತು. ಗಂಡ ಹೆಂಡತಿ ಇಬ್ಬರೇ ನಡೆಸುವ ಪುಟ್ಟ ಜಾಗ. ಹಿಂಬಾಗಿಲಿದೆ, ಎರಡು ಸಲ ನೋಡಿಕೊಂಡಳು. ಹಾಲು ಕಾಫಿ ಹೇಳಿದಳು, ಉಪ್ಪು ಕೇಳಲಿಲ್ಲ. ಅಂಗಡಿಯ ಹೆಂಗಸು ನಗುನಗುತ್ತಾ ಬಂದು ದೊಡ್ಡ ಕಪ್ಪನ್ನು ಮೇಜಿನ ಮೇಲಿಟ್ಟಳು. ನೊರೆ ಅಂಚಿನ ತನಕ ತುಂಬಿ, ಇನ್ನೇನು ತುಳುಕುವಂತಿತ್ತು.

ಐಪೇರಿ ಅದನ್ನು ನೋಡಿದಳು. ಕುರ್ಚಿಯಿಂದ ಸದ್ದಿಲ್ಲದೆ ಇಳಿದು, ಕೋಟು ಹಾಕಿಕೊಂಡು, ಗುಂಡಿ ಹಾಕತೊಡಗಿದಳು.

"ಎಲ್ಲಿಗೇ?" ಎಂದಳು ಗುಲ್ಬಾರಾ.

"ತುಂಬಿಸಿಬಿಟ್ರಲ್ಲ ಅಪಾ," ಎಂದಿತು ಮಗು, ಪಿಸುದನಿಯಲ್ಲಿ. "ಹೋಗೋಣ್ವಾ?"

ಗುಲ್ಬಾರಾಳ ಕಣ್ಣು ಬಾಗಿಲಿಗೆ ಹೋಯಿತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಕಪ್ಪೆತ್ತಿ, ನಾಲಿಗೆ ಸುಟ್ಟರೂ ಬಿಡದೆ ಗಟಗಟನೆ ಕುಡಿದಳು. ಕುಡಿದು, ಕಪ್ಪನ್ನು ಮಗಳ ಕಡೆ ಬಾಗಿಸಿ ತೋರಿಸಿದಳು.

"ನೋಡು, ಅರ್ಧವೇ ಇರೋದು. ಕೋಟು ತೆಗಿ, ಕೂತ್ಕೋ."