ಅಗ್ಗದ ಚೆಂಡು

ರಾಬ್ ಟೆನಂಟ್ ಹೊಸ ಗಾಲ್ಫ್ ಚೆಂಡೊಂದನ್ನು ಅಂಗೈಯಲ್ಲಿ ಉರುಳಿಸುತ್ತ ಕ್ಲಬ್ಬಿನೊಳಗೆ ಬಂದ. ವಾಟಿ ಬಾಕ್ಸ್ಟರ್ ತನ್ನೆದುರಿನ ಕುರ್ಚಿಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿ ಜಾಗ ಮಾಡಿಕೊಟ್ಟ. ರಾಬ್ ಆ ಕುರ್ಚಿಯ ಬೆನ್ನಿಗೆ ಸುಮ್ಮನೆ ಕೈ ತಾಗಿಸಿ, "ಏನ್ ಚಳಿ ಕಣೋ," ಎಂದವನೇ ಮುಂದೆ ಹೋಗಿ ಕಿಟಕಿಯ ಪಕ್ಕ ಇಸೊಬೆಲ್ ಕೂತಿದ್ದ ಮೇಜಿನ ಬಳಿ ನಿಂತ.

"ಟೀಚರಮ್ಮಾ, ಚೆಂಡಿನ ಮೈಮೇಲಿರೋ ಈ ಗುಳಿಗಳು ಜಾಸ್ತಿ ಇದ್ದಷ್ಟೂ ಚೆಂಡು ದೂರ ಹೋಗುತ್ತಾ?"

ವಾಟಿ ಚಹಾದ ಬಟ್ಟಲಿನೊಳಗೆ ನೋಡಿದ. ಇದೇ ಪ್ರಶ್ನೆಯನ್ನು ರಾಬ್ ಅವನಿಗೆ ಏನಿಲ್ಲವೆಂದರೂ ಹತ್ತು ಸಲ ಕೇಳಿದ್ದ. ಹತ್ತು ಸಲವೂ ಅವನು ಬೇಸರಿಸದೆ ಉತ್ತರ ಹೇಳಿದ್ದ.

ಚೆಂಡಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅಚ್ಚಿನ ಯಂತ್ರದ ಮುಂದೆ ನಿಂತವನು ವಾಟಿ. ನಿವೃತ್ತನಾಗಿ ಫೈಫ್ ಕರಾವಳಿಯ ಈ ಊರಿಗೆ ಮರಳಿದ ಮೇಲೆ ಕ್ಲಬ್ಬಿನ ಮೂಲೆಯ ಮೇಜು ಅವನ ದರ್ಬಾರಾಗಿತ್ತು. ಹಳ್ಳದಲ್ಲಿ ಬಿದ್ದಿದ್ದ ಚೆಂಡು ಕೆಟ್ಟಿರುತ್ತದೆಯೇ, ಹಳದಿಯದು ಬಿಳಿಯದರಷ್ಟೇ ಹಾರುತ್ತದೆಯೇ, ಮೆತ್ತನೆಯ ಚೆಂಡು ಮುದುಕರಿಗೆ ಒಳ್ಳೆಯದೇ, ಹೀಗೆ ಯಾರಿಗೆ ಏನು ಅನುಮಾನ ಬಂದರೂ ಅಲ್ಲಿಗೇ ಬರುತ್ತಿದ್ದರು. ಹೋದ ಶರತ್ಕಾಲದಲ್ಲಿ ಡಂಡೀ ಪಟ್ಟಣದಿಂದ ಇಸೊಬೆಲ್ ಲೋರಿಮರ್ ಬಂದಳು. ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಆಟದಲ್ಲಿ ಅಷ್ಟಕ್ಕಷ್ಟೇ. ಆದರೆ ಏನು ಕೇಳಿದರೂ, "ನನಗೆ ಗೊತ್ತಿಲ್ಲ, ನೋಡೇ ಬಿಡೋಣ," ಎಂದು ನೋಟ್‌ಬುಕ್ ತೆರೆಯುತ್ತಿದ್ದಳು. ಗೊತ್ತಿಲ್ಲ ಎನ್ನುವವಳ ಸುತ್ತ ಜನ ಮುತ್ತುವುದೂ, ಗೊತ್ತಿರುವವನು ಒಬ್ಬನೇ ಚಹಾ ಕುಡಿಯುವುದೂ ಯಾವ ನ್ಯಾಯವೆಂದು ವಾಟಿಗೆ ತಿಳಿಯದು. ಅವಳ ನಗು ಕೇಳಿದರೂ ಅವನ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

"ಗುಳಿ ಎಷ್ಟು ಅನ್ನೋದಕ್ಕಿಂತ ಹೇಗಿವೆ ಅನ್ನೋದು ಮುಖ್ಯ ಇರಬೇಕು," ಈಗ ರಾಬ್‌ಗೆ ಹೇಳುತ್ತಿದ್ದಳು ಇಸೊಬೆಲ್. "ಒಂದ್ ಮಾತು ಹೇಳ್ಲಾ ರಾಬ್? ನೀವು ಬೀಸೋ ವೇಗಕ್ಕೆ ಈ ದುಬಾರಿ ಚೆಂಡೂ ಒಂದೇ, ಅಗ್ಗದ್ದೂ ಒಂದೇ ಅನ್ಸುತ್ತೆ."

"ಅಗ್ಗದ್ದು ಅಗ್ಗದ್ದೇ!" ವಾಟಿ ಮೂಲೆಯಿಂದಲೇ ಕೂಗಿದ. "ಮೂವತ್ತೊಂದು ವರ್ಷ ಅವನ್ನ ಮಾಡಿದೋನು ನಾನು."

"ಹಾಗಿದ್ರೆ ನೋಡೇ ಬಿಡೋಣ," ಎಂದಳು ಅವಳು, ಸಂತೋಷದಿಂದಲೇ.

ಶನಿವಾರ ಹನ್ನೊಂದು ಗಂಟೆಗೆ ಎಂದು ನಿಶ್ಚಯವಾಯಿತು. ಎರಡು ಬಗೆಯಲ್ಲೂ ಎಂಟೆಂಟು ಚೆಂಡು. ತಣ್ಣಗಾದ ಚೆಂಡು ದೂರ ಹಾರದು, ಎರಡೂ ಒಂದೇ ಬಿಸಿಯಲ್ಲಿರಲಿ ಎಂದು ಇಸೊಬೆಲ್ ಶುಕ್ರವಾರ ಮಧ್ಯಾಹ್ನವೇ ಎರಡು ಬುಟ್ಟಿಗಳನ್ನು ತಂದು ಕ್ಲಬ್ಬಿನ ಕಪಾಟಿನ ಮೇಲೆ ಇಟ್ಟುಹೋದಳು. ಎಂಥ ಮುತುವರ್ಜಿ! ಅದನ್ನು ಕಂಡು ವಾಟಿಗೆ ಮೈಯೆಲ್ಲ ಉರಿಯಿತು.

ಶನಿವಾರ ಕ್ಲಬ್ಬಿನ ಬಾಗಿಲು ತೆರೆಯುವ ಪಾಳಿ ಅವನದು. ಆರೂವರೆಗೆ ಒಳಗೆ ಹೋದವನು ಕೋಟನ್ನೂ ಬಿಚ್ಚದೆ ಅಗ್ಗದ ಚೆಂಡುಗಳ ಬುಟ್ಟಿಯನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದು, ಫ್ರೀಜರಿನಲ್ಲಿ ಬಟಾಣಿ ಪೊಟ್ಟಣಗಳ ಕೆಳಗೆ ಚೆಂಡುಗಳನ್ನು ಹೂತಿಟ್ಟ. ಹನ್ನೊಂದಕ್ಕೆ ಇನ್ನು ಹತ್ತು ನಿಮಿಷ ಇರುವಾಗ ತೆಗೆದು, ಒಂದೊಂದನ್ನೇ ಒರೆಸಿ ಬುಟ್ಟಿಗೆ ತುಂಬಿದ. ಬೆರಳ ತುದಿಗಳು ಮರಗಟ್ಟಿದ್ದವು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಮೈದಾನದಲ್ಲಿ ಹತ್ತು ಹನ್ನೆರಡು ಜನ ಕಾಲರ್ ಎತ್ತಿಕೊಂಡು ನಿಂತಿದ್ದರು. ಇಸೊಬೆಲ್ ಉಣ್ಣೆಯ ಕೈಗವಸು ತೊಟ್ಟ ಕೈಯಿಂದ ಒಮ್ಮೆ ದುಬಾರಿಯದನ್ನು, ಒಮ್ಮೆ ಅಗ್ಗದ್ದನ್ನು ಹುಲ್ಲಿಗೆ ಚುಚ್ಚಿದ ಮರದ ಮೊಳೆಯ ಮೇಲೆ ಕೂರಿಸಿದಳು. ರಾಬ್ ಹೊಡೆದ. ಅಗ್ಗದ ಚೆಂಡು ಕಲ್ಲಿಗೆ ಕಲ್ಲು ಬಡಿದಂತೆ ಸದ್ದು ಮಾಡಿ, ಪ್ರತಿ ಸಲವೂ ದುಬಾರಿಯದಕ್ಕಿಂತ ಹಿಂದೆಯೇ ಬಿತ್ತು. ಆರನೆಯದಕ್ಕೆ ಯಾರೋ, "ಟೀಚರಮ್ಮ ಫೇಲು!" ಎಂದರು. ಎಲ್ಲರೂ ನಕ್ಕರು. ಇಸೊಬೆಲ್ ಕೂಡ ನಕ್ಕಳು.

"ಲೋ ವಾಟಿ, ನಿನ್ ಮಾತೇ ನಿಜ ಆಯ್ತಲ್ಲೋ," ರಾಬ್ ದಾಂಡಿಗೆ ಒರಗಿ ನಿಂತ. "ಯಾಕ್ ಹಿಂಗೆ? ನೀನೇ ಬಿಡಿಸಿ ಹೇಳಪ್ಪ."

ಎಲ್ಲ ಮುಖಗಳೂ ತಿರುಗಿದವು. ಆರು ತಿಂಗಳಿಂದ ವಾಟಿ ಕಾದಿದ್ದು ಇದಕ್ಕೇ. ಅವನು ಗಂಟಲು ಸರಿಮಾಡಿಕೊಂಡ. ಒಳಗಿನ ರಬ್ಬರು ಏಟಿಗೆ ಚಪ್ಪಟೆಯಾಗಿ ಮತ್ತೆ ಪುಟಿಯುವ ಬಗೆ, ಮೇಲಿನ ಸಿಪ್ಪೆಯ ದಪ್ಪ, ಗುಳಿಗಳು ಗಾಳಿಯನ್ನು ಹಿಡಿದು ಚೆಂಡನ್ನು ಮೇಲೆತ್ತುವ ರೀತಿ, ಎಲ್ಲವನ್ನೂ ಹೇಳಿದ. ಇಷ್ಟು ಚೆನ್ನಾಗಿ ಅವನು ಹಿಂದೆಂದೂ ಮಾತಾಡಿರಲಿಲ್ಲ. ಇಸೊಬೆಲ್ ಬರೆದುಕೊಳ್ಳಲೆಂದು ಕೈಗವಸು ಕಳಚಿದಳು. ಹಾಗೆಯೇ ಅಗ್ಗದವುಗಳ ಬುಟ್ಟಿಯಲ್ಲಿ ಉಳಿದಿದ್ದ ಎರಡು ಚೆಂಡುಗಳಲ್ಲಿ ಒಂದನ್ನು ಎತ್ತಿಕೊಂಡಳು. ಅವಳ ಬೆರಳುಗಳು ಅದರ ಸುತ್ತ ಮುಚ್ಚಿಕೊಂಡು, ಬಹಳ ಹೊತ್ತು ಹಾಗೆಯೇ ಇದ್ದವು.

"ವಾಟಿಯವರೇ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ಚೆಂಡು ಒಳಗಿನ ತನಕ ಪೂರಾ ತಣ್ಣಗಾಗೋಕೆ ಎಷ್ಟು ಹೊತ್ತು ಬೇಕು?"

"ನಾಲ್ಕು ಗಂಟೆ," ಎಂದುಬಿಟ್ಟ ವಾಟಿ. ಗೊತ್ತಿದ್ದ ಉತ್ತರವನ್ನು ತಡೆದು ಅವನಿಗೆ ಅಭ್ಯಾಸವಿರಲಿಲ್ಲ. "ಮುಟ್ಟಿದ್ರೆ ಅರ್ಧ ಗಂಟೆಗೇ ತಣ್ಣಗಿರುತ್ತೆ, ಆದ್ರೆ ಒಳಗಿನ ರಬ್ಬರು ಗಟ್ಟಿಯಾಗಬೇಕು ಅಂದ್ರೆ..."

ರಾಬ್ ಬಗ್ಗಿ ಬುಟ್ಟಿಯ ಕೊನೆಯ ಚೆಂಡನ್ನು ತೆಗೆದುಕೊಂಡು ಕೆನ್ನೆಗೆ ಒತ್ತಿ ನೋಡಿದ. ಆಮೇಲೆ ಅದನ್ನು ಪಕ್ಕದವನ ಕೈಗಿತ್ತ. ಅದು ಕೈಯಿಂದ ಕೈಗೆ ದಾಟಿತು.

"ಬೆಳಿಗ್ಗೆ ಬಾಗಿಲು ತೆಗೆದೋನು ನೀನೇ ಅಲ್ವೇನೋ," ಎಂದ ರಾಬ್, ಕೊನೆಗೆ. "ನಲವತ್ತು ವರ್ಷದ ಸ್ನೇಹ. ನನ್ ಕೈಲೇ ಹೊಡೆಸಿದೆಯಲ್ಲೋ."

ಜನ ಸೂಪು ಕುಡಿಯಲು ಒಬ್ಬೊಬ್ಬರಾಗಿ ಒಳಗೆ ಹೋದರು. ರಾಬ್ ಕೂಡ ಹಿಂತಿರುಗಿ ನೋಡದೆ ಹೋದ. ವಾಟಿ ಅಲ್ಲೇ ನಿಂತ, ಎತ್ತ ಹೋಗುವುದೆಂದು ತೋಚದೆ. ಇಸೊಬೆಲ್ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು.

"ಬೈಯೋದಿದ್ರೆ ಬೈದ್ಬಿಡಿ," ಎಂದ.

"ಆಮೇಲೆ ಬೈತೀನಿ. ಬೇಜಾರಾಗಿದೆ, ಇಲ್ಲ ಅನ್ನಲ್ಲ." ಅವಳು ತಲೆಯೆತ್ತಲಿಲ್ಲ. "ಆದ್ರೆ ಈ ನಾಲ್ಕು ಗಂಟೆ ಅನ್ನೋದು ನಂಗೆ ಎಲ್ಲೂ ಸಿಕ್ಕಿರಲಿಲ್ಲ. ಎಷ್ಟು ಹೆಜ್ಜೆ ಕಮ್ಮಿ ಬಿದ್ದಿದೆ ಅಂತ ಅಳೀಬೇಕು. ಒಬ್ಬಳ ಕೈಲಿ ಆಗಲ್ಲ."

ಅವನು ಇಣುಕಿ ನೋಡಿದ. ಪುಟದ ಮೇಲೆ ನೀಟಾದ ಗೆರೆಗಳು, ಮಣಿ ಪೋಣಿಸಿದಂಥ ಅಂಕಿಗಳು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಅವನು ಹೀಗೆ ಬರೆದಿಟ್ಟವನಲ್ಲ. ಹೊಟ್ಟೆಯೊಳಗಿನ ಕೆಂಡ ಮತ್ತೊಮ್ಮೆ ಚುರ್ರೆಂದಿತು.

ಆದರೂ ಅವನು ಹುಲ್ಲಿಗೆ ಇಳಿದ. ಮೊಳೆಯ ಬಳಿ ಹಿಮ್ಮಡಿ ಊರಿ, ಕಡಲಿನ ಕಡೆಯಿಂದ ಬೀಸುವ ಗಾಳಿಗೆ ಬೆನ್ನು ಕೊಟ್ಟು, ಗಟ್ಟಿಯಾಗಿ ಹೆಜ್ಜೆ ಎಣಿಸುತ್ತ ಹೊರಟ. ಮೊದಲ ಚೆಂಡಿನ ಬಳಿ ನಿಂತು ಅಂಕಿಯನ್ನು ಕೂಗಿದ. ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ದೂರದಲ್ಲಿ ಇಸೊಬೆಲ್ ಕಿವಿಗೆ ಕೈ ಹಿಡಿದಳು. ಅವನು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಇನ್ನೊಮ್ಮೆ ಕೂಗಿದ.