ಕೋಣೆಗೆ ನೂರಾನಾಲ್ಕು

ರೇವಣಸಿದ್ದಪ್ಪನಿಗೂ ಬೆಂಗಳೂರಿನ ಹವೆಗೂ ಯಾವ ಜನ್ಮದ ಹಗೆಯೋ! ಅವನು ಸ್ವೆಟರ್ ಹಾಕಿಕೊಂಡು ಹೊರಟರೆ ಬಿಸಿಲು, ಬಿಚ್ಚಿ ಹೆಗಲಿಗೆ ಹಾಕಿದರೆ ಮೋಡ. ಅಷ್ಟೇ ಆಗಿದ್ದರೆ ಹೇಗೋ ಸಹಿಸುತ್ತಿದ್ದ. ಅತ್ತಿಗುಪ್ಪೆಯ ತಾರಸಿಯ ಮೇಲೆ ಅವನು ಬಾಡಿಗೆಗೆ ಹಿಡಿದಿದ್ದ ಶೀಟಿನ ಕೋಣೆಯೂ ಹವೆಯ ಪಕ್ಷ ಸೇರಿಬಿಟ್ಟಿತ್ತು. ಅವನಿಗೆ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ, ಪ್ರೆಸ್ ಮಷೀನಿಗೆ ತಗಡು ಕೊಡುವ ಕೆಲಸ. ನಿದ್ದೆಯೇನಿದ್ದರೂ ಹಗಲಿಗೆ. ಏಪ್ರಿಲ್ ತಿಂಗಳ ಹಗಲಲ್ಲಿ ಆ ಶೀಟಿನಡಿ ಅವನು ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಮಗ್ಗುಲು ಬದಲಿಸುತ್ತಿದ್ದ, ಬೇಯುತ್ತಿದ್ದ, ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಎರಡು ಸಲ ಮಷೀನಿನ ಮುಂದೆ ತೂಕಡಿಸಿದ್ದ. ಸೂಪರ್‌ವೈಸರ್ ಚನ್ನಕೇಶವ ಹೇಳಿಯೂಬಿಟ್ಟಿದ್ದ: "ಇನ್ನೊಂದ್ಸಲ ತೂಕಡಿಸಿದ್ರೆ ಮಷೀನ್ ನಿನ್ ಬೆರಳು ತಗೊಳ್ಳುತ್ತೆ ಗುರು, ನಾನು ನಿನ್ ಕೆಲಸ ತಗೋತೀನಿ."

ಮನೆ ಓನರ್ ಮುನಿತಾಯಮ್ಮ ಮನಸ್ಸು ಮಾಡಿ ಶೀಟಿಗೆ ಏನಾದರೂ ಮಾಡಿಸಬೇಕಿತ್ತು. ಆದರೆ ಅವರ ಮಂಡಿನೋವಿಗೆ ತಾರಸಿ ದಿನಕ್ಕೆ ಒಂದೇ ಸಲ, ಅದೂ ಸಂಜೆ ಐದಕ್ಕೆ, ಒಣಗಿದ ಬಟ್ಟೆ ತೆಗೆಯಲು. ಅಷ್ಟು ಹೊತ್ತಿಗೆ ಸರಿಯಾಗಿ ಎಲ್ಲಿಂದಲೋ ತಂಗಾಳಿ ಹಾಜರು! ಮಧ್ಯಾಹ್ನವೆಲ್ಲ ಬಾಣಲೆಯಾಗಿದ್ದ ಕೋಣೆ ಮುನಿತಾಯಮ್ಮ ಬಾಗಿಲಲ್ಲಿ ನಿಂತ ಕೂಡಲೇ ಸಂಪನ್ನ ಸೊಸೆಯ ಹಾಗೆ ತಣ್ಣಗೆ ನಿಂತುಬಿಡುತ್ತಿತ್ತು.

"ಊಟಿ ಇದ್ದಂಗಿದೆ ಕಣೋ! ಗುಲ್ಬರ್ಗದೋನು ಬೆಂಗ್ಳೂರಲ್ಲಿ ಸೆಕೆ ಅಂತೀಯಲ್ಲ, ನಾಚ್ಕೆ ಆಗಲ್ವಾ?" ಎಂದು ನಕ್ಕು, ಅವನದೇ ರಾಗ ಎಳೆಯುತ್ತಿದ್ದರು: "‘ಅಮ್ಮಾರಾ, ಜೀವ ಹೋಗ್ತದ್ರೀ!’"

"ಒಂದ್ಸಲ ಮಧ್ಯಾಹ್ನ ಬಂದ್ ನೋಡ್ರಿ ಅಮ್ಮಾರ."

"ನನ್ ಮಂಡೀನ ನಿಂಗೆ ಕೊಡ್ತೀನಿ, ನೀನೇ ಹತ್ತಿಸ್ಕೊಂಡ್ ಬಾ."

ಕೊನೆಗೆ ರೇವಣಸಿದ್ದಪ್ಪ ಮೆಡಿಕಲ್ ಸ್ಟೋರಿನಿಂದ ಜ್ವರ ನೋಡುವ ಥರ್ಮಾಮೀಟರ್ ತಂದ. ಒಮ್ಮೆ ಏರಿದ ಪಾದರಸ ಝಾಡಿಸುವವರೆಗೂ ಇಳಿಯುವುದಿಲ್ಲವೆಂದು ಅಂಗಡಿಯವನು ಹೇಳಿದ್ದೇ ಅವನಿಗೆ ಬೇಕಾಗಿದ್ದದ್ದು. ಮಧ್ಯಾಹ್ನ ಎರಡಕ್ಕೆ ಗೋಡೆಯ ಮೊಳೆಗೆ ದಾರ ಕಟ್ಟಿ ತೂಗುಬಿಟ್ಟ. ಮೂರಕ್ಕೆ ನೋಡಿದರೆ ನೂರಾನಾಲ್ಕು! ಇನ್ನು ಹವೆ ತಿಪ್ಪರಲಾಗ ಹಾಕಿದರೂ ಸಾಕ್ಷಿ ಅಳಿಸಲಾಗದು. ಅದನ್ನು ಮುಟ್ಟದೆ, ಉಸಿರೂ ತಾಗಿಸದೆ, ಸಂಜೆಯವರೆಗೆ ಕಾವಲು ಕೂತ. ಆ ದಿನದ ನಿದ್ದೆಯೂ ಹೋಯಿತು.

ಐದಕ್ಕೆ ತುಂತುರು ಮಳೆ. ಮುನಿತಾಯಮ್ಮ ಸೆರಗು ಹೊದ್ದುಕೊಂಡು ಬಂದರು.

"ಅಮ್ಮಾರ, ಇದನ್ನ ನೋಡ್ರಿ. ಮಧ್ಯಾಹ್ನದ್ದು."

ಮುನಿತಾಯಮ್ಮ ಮೂವತ್ತು ವರ್ಷ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವರು. ಕನ್ನಡಕ ಏರಿಸಿ, ಗಾಜಿನ ಕಡ್ಡಿಯನ್ನು ಬೆಳಕಿಗೆ ಹಿಡಿದು, "ನೂರಾನಾಲ್ಕು!" ಎಂದರು. ಎಂದವರೇ, ಮೂವತ್ತು ವರ್ಷದ ಅಭ್ಯಾಸದ ಕೈ, ಝಳಕ್ ಝಳಕ್ ಎಂದು ಎರಡು ಸಲ ಝಾಡಿಸಿಬಿಟ್ಟರು.

ಪಾದರಸ ತಳಕ್ಕಿಳಿಯಿತು. ರೇವಣಸಿದ್ದಪ್ಪನಿಗೆ ಸಿಟ್ಟಾಗುವಷ್ಟೂ ತ್ರಾಣವಿರಲಿಲ್ಲ.

"ಹೋಯ್ತ್ರಿ ಅಮ್ಮಾರ. ಎಲ್ಲಾ ಹೋಯ್ತು."

"ಏನೋ ಹೋಗಿದ್ದು? ನಾನು ಓದಿದ್ನಲ್ಲ. ನಾನು ಓದಿದ್ದು ಒಂದಿನಾನೂ ತಪ್ಪಾಗಿಲ್ಲ, ಡಾಕ್ಟ್ರೇ ಕೇಳ್ತಿದ್ರು." ಅವರು ತಲೆಯೆತ್ತಿ ಶೀಟನ್ನು ಮೊದಲ ಸಲ ರೋಗಿಯನ್ನು ನೋಡುವಂತೆ ನೋಡಿದರು. "ನೂರಾನಾಲ್ಕಿದ್ರೆ ಒದ್ದೆ ಪಟ್ಟಿ ಹಾಕ್ಬೇಕು ಕಣೋ. ಕೆಳಗೆ ಖಾಲಿ ಅಕ್ಕಿ ಗೋಣಿಚೀಲ ಎಷ್ಟೊಂದಿವೆ. ಮೊದ್ಲೇ ಹೇಳೋಕೇನಾಗಿತ್ತು?"

ತಿಂಗಳಿಂದ ಹೇಳುತ್ತಿದ್ದೇನೆ ಎನ್ನಲು ಅವನು ಬಾಯಿ ತೆರೆದ. ಬಂದದ್ದು ಆಕಳಿಕೆ.

ಆ ರಾತ್ರಿ ಕಣ್ಣಿಗೆ ನೀರು ಹೊಡೆದುಕೊಂಡೇ ಪಾಳಿ ಮುಗಿಸಿ, ಬೆಳಿಗ್ಗೆ ಶೀಟಿನ ಮೇಲೆ ಹನ್ನೆರಡು ಗೋಣಿಚೀಲ ಹಾಸಿ, ನಾಲ್ಕು ಕೊಡ ನೀರು ಸುರಿದ. ಹನ್ನೊಂದಕ್ಕೆ ಮಲಗಿದ. ಕೋಣೆ ನಿಜಕ್ಕೂ ತಂಪಾಗಿತ್ತು. ಕಣ್ಣು ಕೂಡುವಷ್ಟರಲ್ಲಿ ಗುಡುಗು, ಹಿಂದೆಯೇ ಧೋ ಎಂದು ಮಳೆ. ನಡುಮಧ್ಯಾಹ್ನಕ್ಕೆ ಚಳಿ! ನೆನೆದ ಚೀಲಗಳಿಂದ ಶೀಟಿನ ತೂತಿನ ಮೂಲಕ ಒಂದು ಹನಿ ಸರಿಯಾಗಿ ಅವನ ಕಿವಿಗೇ ಬಿತ್ತು.

ಎದ್ದು, ಮಾರ್ಚ್‌ನಲ್ಲಿ ಮಡಚಿಟ್ಟಿದ್ದ ಕಂಬಳಿಯನ್ನು ಟ್ರಂಕಿನಿಂದ ಎಳೆದು, ಚಾಪೆಯನ್ನು ಒಂದು ಮೊಳ ಸರಿಸಿದ.

"ನಗು, ನಗು," ಎಂದ ಶೀಟಿನ ಕಡೆ ನೋಡಿ, "ನಾ ಮಲಗ್ತೀನಿ." ತಲೆತುಂಬ ಕಂಬಳಿ ಹೊದ್ದುಕೊಂಡವನು, ಪಾಳಿಯ ಹೊತ್ತಿನವರೆಗೂ ಮಗ್ಗುಲು ಬದಲಿಸಲಿಲ್ಲ.